ಮೆಮೊರಿ ಹೆಚ್ಚೈತ್ರಿ

ಫೋನ್ ಬಂದಾಗ ನಾನಿನ್ನೂ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಮಾಲೀಕರು ರಿಸೀವರನ್ನು ನನ್ನ ಕಡೆ ಚಾಚಿ, "ತಗೋ, ನಿನ್ನ ಎಕ್ಸ್‌ರೇ ಅಕ್ಕ" ಎಂದು ನಕ್ಕರು.

"ಮೇಡಂ, ನಿನ್ನೆ ಸಂಜಿಮುಂದ ಪೆಟ್ಟಿಗಿ ತಾನ ಬಂದಾಗಿ ತಾನ ಚಾಲೂ ಆತ್ರಿ. ನಿನ್ನೆ ಇಟ್ಟಿದ್ದ ಒಂಬತ್ತೂ ಚಿತ್ರ ಕಾಣವಲ್ವು."

"ಬಂದಾಗೂ ಮುಂಚೆ ಪರದಿ ಮ್ಯಾಲೆ ಏನರ ಬಂತೇನ್ರಿ ಅಕ್ಕಾರ?"

"ಬಂತ್ರಿ. ಮೆಮೊರಿ ಹೆಚ್ಚೈತಿ ಅಂತ ಬಂತ್ರಿ."

"ಹೆಚ್ಚೈತಿ ಅಂತನಾ?"

"ಹೌದ್ರಿ, ಹೆಚ್ಚೈತಿ" ಎಂದರು, ದನಿ ತಗ್ಗಿಸಿ.

ಹೆಚ್ಚು ಇದೆ ಎನ್ನುವುದಕ್ಕೆ ದನಿ ಯಾಕೆ ತಗ್ಗಿಸಬೇಕು ಎಂದು ಕೇಳುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ. ಪೆಟ್ಟಿಗೆ ಚಾಲೂ ಆಗುವಾಗ ಎಷ್ಟು ಮೆಮೊರಿ ಬಿಡುವಿದೆ ಎಂದು ಪರದೆಯ ಮೇಲೆ ಒಂದು ಸಾಲು ಬರುತ್ತದೆ. ಅದನ್ನೇ ನೋಡಿ ಹೇಳುತ್ತಿದ್ದಾರೆ ಅಂದುಕೊಂಡೆ. ನೋಟ್‌ಬುಕ್ಕಿನಲ್ಲಿ ಬರೆದೆ: 'ಮೆಮೊರಿ ಸಾಕಷ್ಟಿದೆ. ತೊಂದರೆ ಬೇರೆಲ್ಲೋ.' ಈ ಎರಡು ವಾಕ್ಯ ನನ್ನ ಐದು ವಾರ ತಿಂದು ಹಾಕಿದವು.

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ, ಟೈರ್ ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಎರಡು ಕೋಣೆಯ ಕಂಪನಿ. ಅದಿರು ಲಾರಿಗಳನ್ನು ತೂಗುವ ಕಾಟಾಗಳಿಗೆ, ತೂಕವನ್ನು ಡಿಸ್ಕಿನಲ್ಲಿ ಉಳಿಸಿಡುವ ಪೆಟ್ಟಿಗೆ ಮಾಡಿಕೊಡುತ್ತಿದ್ದೆವು. ಅದರೊಳಗೆ ಡಿಸ್ಕಿಗೂ ಉಳಿದ ಸಾಫ್ಟ್‌ವೇರಿಗೂ ನಡುವೆ ನಿಂತು ಮಾತುಕತೆ ನಡೆಸುವ ಡ್ರೈವರ್ ಎಂಬ ಭಾಗ ನನ್ನದು. ಊರೆಲ್ಲ ಲಾರಿಯೇ ಆಗಿದ್ದ ಆ ವರ್ಷಗಳಲ್ಲಿ, ನಾನು ಡ್ರೈವರ್ ಕೆಲಸ ಮಾಡ್ತೀನಿ ಎಂದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಗಾಡಿರಿ?" ಎಂದು ಕೇಳುತ್ತಿದ್ದರು.

ಧರ್ಮಾರ್ಥ ಚಿಕಿತ್ಸಾಲಯವೊಂದಕ್ಕೆ ಸಂಡೂರಿನಲ್ಲಿ ಒಂದು, ಕುರೆಕುಪ್ಪದಲ್ಲಿ ಒಂದು ಶಾಖೆ ಇತ್ತು. ಗಣಿಯಲ್ಲಿ, ಲೋಡಿಂಗಿನಲ್ಲಿ, ರಸ್ತೆ ಬದಿಯಲ್ಲಿ ಕೆಂಪು ದೂಳು ಕುಡಿಯುವವರ ಎದೆಯ ಎಕ್ಸ್‌ರೇ ವರ್ಷಕ್ಕೊಮ್ಮೆ ತೆಗೆಯುತ್ತಿದ್ದರು. ಫಿಲ್ಮು ರೋಗಿಯ ಜೊತೆ ಮನೆಗೆ ಹೋಗುತ್ತದೆ. ಹೋಗುವ ಮೊದಲು ಅದನ್ನು ಸ್ಕ್ಯಾನ್ ಮಾಡಿ ಪೆಟ್ಟಿಗೆಯಲ್ಲಿ ಇಟ್ಟರೆ, ಮುಂದಿನ ವರ್ಷದ ಚಿತ್ರವನ್ನು ಡಾಕ್ಟರು ಅದರ ಪಕ್ಕ ಇಟ್ಟು ನೋಡಬಹುದು. ಅಂಥ ಪೆಟ್ಟಿಗೆ ಮಾಡಿಕೊಡಲು ಮಾಲೀಕರು ಒಪ್ಪಿಕೊಂಡರು. ನಾನು ಕಾಟಾದ ಡ್ರೈವರನ್ನೇ ಎತ್ತಿ, ಮೂರು ವಾರದಲ್ಲಿ ಹೊಲಿಗೆ ಹಾಕಿ ಕೊಟ್ಟೆ.

ಸಂಡೂರಿನಿಂದ ಒಂದು ದೂರೂ ಬರಲಿಲ್ಲ. ಕುರೆಕುಪ್ಪದಿಂದ ನಾಲ್ಕೈದು ದಿನಕ್ಕೊಮ್ಮೆ ಫೋನು. ಯಾವ ಚಿತ್ರ ಡಿಸ್ಕಿನಲ್ಲಿ ಎಲ್ಲಿದೆ ಎಂಬ ದಿನದ ಪಟ್ಟಿ ಸಂಜೆ ಡಿಸ್ಕಿಗೆ ಹೋಗುವ ಮೊದಲೇ ಪೆಟ್ಟಿಗೆ ಸತ್ತು ಹುಟ್ಟಿದರೆ, ಆ ದಿನದ ಚಿತ್ರಗಳಿಗೆ ವಿಳಾಸವೇ ಇಲ್ಲ. ಪೆಟ್ಟಿಗೆ ತನ್ನ ದಿನಚರಿಯನ್ನೂ ಅದೇ ಡಿಸ್ಕಿಗೆ, ಅದೇ ಡ್ರೈವರ್ ಮೂಲಕ ಬರೆಯುತ್ತಿತ್ತು. ಡ್ರೈವರ್ ಕೈಕೊಟ್ಟ ಗಳಿಗೆಯಲ್ಲಿ ಏನಾಯಿತೆಂದು ಬರೆಯುವವರೇ ಇರುತ್ತಿರಲಿಲ್ಲ. ಹಾಗಾಗಿ ನನಗಿದ್ದ ಒಂದೇ ಸಾಕ್ಷಿ ಅಲ್ಲಿ ಎಕ್ಸ್‌ರೇ ತೆಗೆಯುವ ಅಕ್ಕನ ಕಣ್ಣು.

ಮೊದಲ ಸಲ ಹೋದಾಗ ಕೇಬಲ್ ಬದಲಿಸಿದೆ. ಬಸ್ಸಿಳಿದು ಚಿಕಿತ್ಸಾಲಯ ತಲುಪುವಷ್ಟರಲ್ಲಿ ನನ್ನ ಬಿಳಿ ದುಪಟ್ಟಾ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ದೂಳೇ ಕಾರಣ ಎಂದು ನಂಬುವುದು ಸುಲಭವಿತ್ತು. ಅಕ್ಕ ಐವತ್ತರ ಆಸುಪಾಸಿನವರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಕೋಣೆಯಲ್ಲಿ ಕೆಲಸ ಮಾಡಿದವರು. ನನಗೆ ಕುರ್ಚಿ ಒರೆಸಿ ಕೊಟ್ಟು, "ಕುಂದ್ರಿ ಮೇಡಂ, ನೀರು ಕುಡೀರಿ ಮೊದ್ಲು" ಎಂದರು. ಅಷ್ಟರಲ್ಲಿ ಒಬ್ಬ ಮುದುಕ ಫಿಲ್ಮು ಹಿಡಿದು, "ಹೋಗ್ತೀನವ್ವಾ" ಎಂದ. "ಹೋಗ್ತೀನಿ ಅನಬ್ಯಾಡ ಯಜ್ಜಾ, ಬರ್ತೀನಿ ಅನ್ನು" ಎಂದು ಬಾಗಿಲವರೆಗೆ ಹೋಗಿ ತಿದ್ದಿ ಬಂದರು. ನನಗೆ ನಗು ಬಂತು. ಆಸ್ಪತ್ರೆಗೆ ಮತ್ತೆ ಬರ್ತೀನಿ ಅನ್ನುವುದು ಯಾವ ಶುಭ!

ಅವರು ಕೆಲಸ ಮಾಡುವುದನ್ನೂ ನೋಡಿದೆ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿಯುವರು, ಸ್ಕ್ಯಾನರಿಗೆ ಇಡುವರು, ಚಿತ್ರ ಅರ್ಧ ಬರುವಷ್ಟರಲ್ಲಿ "ಓರೆ ಆತು" ಎಂದು ರದ್ದು ಗುಂಡಿ ಒತ್ತಿ, ತೆಗೆದು, ನೆಟ್ಟಗೆ ಇಟ್ಟು ಮತ್ತೆ ಶುರು ಮಾಡುವರು.

"ಅಷ್ಟು ಓರೆ ಇದ್ರ ನಡೀತೈತ್ರಿ ಅಕ್ಕಾರ" ಎಂದೆ. ನನಗೆ ಬಸ್ಸಿನ ಹೊತ್ತಾಗಿತ್ತು.

"ಹೋದ ವರ್ಷದ್ದು ನೆಟ್ಟಗಿದ್ದು ಈ ವರ್ಷದ್ದು ಓರೆ ಇದ್ರ ಡಾಕ್ಟರು ಹೆಂಗ ಹೋಲಿಸ್ತಾರ್ರಿ? ಯಾರದೋ ಎದಿ ಇದು, ಗ್ವಾಡಿಗೆ ಹಚ್ಚೂ ಕ್ಯಾಲೆಂಡರ್ ಅಲ್ಲ."

ಮಾತು ಸರಿಯಿತ್ತು. ನಾನು ಗಡಿಯಾರ ನೋಡಿದೆ.

ಕೇಬಲ್ ಬದಲಿಸಿದ ಮೇಲೆ ನಾಲ್ಕು ದಿನ ಸುಮ್ಮನಿತ್ತು. ಗೆದ್ದೆ ಅಂದುಕೊಂಡೆ, ಐದನೆಯ ದಿನ ಫೋನು. ಎರಡನೆಯ ಸಲ ಸ್ಟೆಬಿಲೈಸರ್ ತಂದು ಹಾಕಿ, ಅರ್ಥಿಂಗ್ ಸರಿಮಾಡಿಸಿದೆ. ಮತ್ತೆ ನಾಲ್ಕು ದಿನ. ಮೂರನೆಯ ಸಲ ಡಿಸ್ಕನ್ನೇ ಬದಲಿಸಿದೆ. ಏನು ಬದಲಿಸಿದರೂ ನಾಲ್ಕು ದಿನ ಚೆನ್ನ, ಯಾಕೆಂದರೆ ಬದಲಿಸಲು, ಹಗಲೂ ರಾತ್ರಿ ಚಾಲೂ ಇರುವ ಪೆಟ್ಟಿಗೆಯನ್ನು ಬಂದ್ ಮಾಡಿ ಚಾಲೂ ಮಾಡುತ್ತಿದ್ದೆ. ಇದು ಈಗ ಬರೆಯುವಾಗ ಎಷ್ಟು ಸ್ಪಷ್ಟ! ಪ್ರತಿ ಸಲವೂ ಅಕ್ಕನನ್ನು ಕೇಳುತ್ತಿದ್ದೆ, ಪರದೆಯ ಮೇಲೆ ಏನು ಬಂತು? ಪ್ರತಿ ಸಲವೂ ಅದೇ ತಗ್ಗಿದ ದನಿ: "ಮೆಮೊರಿ ಹೆಚ್ಚೈತ್ರಿ." ಒಮ್ಮೆ ನಾನು ರೇಗಿದೆ. "ಹೆಚ್ಚಿದ್ರ ಒಳ್ಳೇದಲ್ರೀ ಅಕ್ಕಾರ! ಬ್ಯಾರೆ ಏನು ಬಂತು ಹೇಳ್ರಿ." "ಬ್ಯಾರೆ ಏನೂ ಬರಲಿಲ್ರಿ ಮೇಡಂ" ಎಂದು ಮೆತ್ತಗೆ ಹೇಳಿ ಫೋನಿಟ್ಟರು. ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಅವತ್ತಿನದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಫೀಸಿನಲ್ಲಿ ಅಂಥದ್ದೇ ಪೆಟ್ಟಿಗೆ ಇಟ್ಟು ಪರೀಕ್ಷಿಸಿದೆ. ಹಳೇ ಫಿಲ್ಮುಗಳನ್ನು ಒಂದರ ಹಿಂದೆ ಒಂದು ಇನ್ನೂರು ಸಲ ಸ್ಕ್ಯಾನ್ ಮಾಡಿ ಉಳಿಸಿದೆ. ಕೆಮ್ಮಲೂ ಇಲ್ಲ ಅದು. ಅಷ್ಟರಲ್ಲಿ ಚಿಕಿತ್ಸಾಲಯದ ಮ್ಯಾನೇಜರರು, ನಿವೃತ್ತ ಅಧಿಕಾರಿ, ಬರವಣಿಗೆಯಲ್ಲಿ ಕಾರಣ ಕೊಡಿ ಎಂದರು. ನಾನು ಬರೆದೆ: 'ಸಾಧನದಲ್ಲಿ ದೋಷ ಕಂಡುಬಂದಿಲ್ಲ. ಸಂಡೂರಿನಲ್ಲಿ ಇದೇ ಸಾಧನ ಸರಿಯಾಗಿ ನಡೆಯುತ್ತಿದೆ. ಕುರೆಕುಪ್ಪದಲ್ಲಿ ಬಳಸುವವರ ಕ್ರಮವನ್ನು ಪರಿಶೀಲಿಸುವುದು ಒಳ್ಳೆಯದು.' ಸುಳ್ಳು ಬರೆದೆ ಎಂದು ಅನಿಸಲೇ ಇಲ್ಲ. ಮಾಲೀಕರು ಸೀಲು ಹಾಕಿ ಕಳಿಸಿದರು.

ಮುಂದಿನ ವಾರ ಮ್ಯಾನೇಜರರ ಫೋನು ಬಂತು. "ಮುಂದಿನ ತಿಂಗಳು ಒಂದನೇ ತಾರೀಖಿನಿಂದ ಕಂಪ್ಯೂಟರ್ ಕಲಿತವರು ಬರ್ತಾರ. ಈಗಿನವ್ರನ್ನ ಬಿಡಿಸ್ತೀವಿ. ನೀವು ಬಂದು ಪೆಟ್ಟಿಗಿ ಒಮ್ಮೆ ನೋಡಿ, ಎಲ್ಲಾ ಸರಿ ಐತಿ ಅಂತ ಬರ್ಕೊಡ್ರಿ." ನನ್ನ ಕಾಗದದ ಮೂರನೆಯ ವಾಕ್ಯ ಒಬ್ಬರ ಕೆಲಸ ತೆಗೆದಿತ್ತು.

ಹೋದೆ. ಅಕ್ಕ ಕೋಣೆಯಲ್ಲಿರಲಿಲ್ಲ. ಹನ್ನೊಂದರ ಸುಮಾರಿಗೆ ಬಸ್ಸಿಳಿದು, ಬಟ್ಟೆಯ ಚೀಲ ಎದೆಗೆ ಅವಚಿಕೊಂಡು ಬಂದರು. ಚೀಲದ ತುಂಬ ಫಿಲ್ಮು. ಪೆಟ್ಟಿಗೆ ಸತ್ತು ಕಳೆದುಹೋದ ಚಿತ್ರಗಳ ಮೂಲವನ್ನು ಅವರು ಮನೆಮನೆಗೆ ಹೋಗಿ ಕೇಳಿ ತರುತ್ತಿದ್ದರು. ಕಳೆದ ನಾಲ್ಕು ವಾರದಿಂದ, ರಜೆ ಹಾಕಿ, ಭಾನುವಾರ ಕೂಡ. ಅವತ್ತು ಮೊದಲ ಬಸ್ಸಿಗೆ ಕಂಪ್ಲಿಗೆ ಹೋಗಿ ಬಂದಿದ್ದರು, ಅಕ್ಕಿ ಗಿರಣಿಯ ಹಮಾಲರೊಬ್ಬರ ಮನೆಗೆ.

"ಈ ಸಲದ ಒಂಬತ್ತರಾಗ ಏಳು ಸಿಕ್ಕಾವ್ರಿ ಮೇಡಂ. ಇನ್ನಿಬ್ರು ಊರು ಬಿಟ್ಟು ದುಡಿಯಾಕ ಹೋಗ್ಯಾರ. ನಾ ಇರೂದ್ರೊಳಗ ಇವನ್ನ ಪೆಟ್ಟಿಗಿಗೆ ಹಾಕಿಬಿಡ್ತೀನಿ. ಮುಂದ ಬರೂರಿಗೆ ತ್ರಾಸ ಆಗಬಾರ್ದು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮಧ್ಯಾಹ್ನ ಚಿಕಿತ್ಸಾಲಯ ಮುಚ್ಚಿದಾಗ, "ಇಲ್ಲೇ ಮನಿ, ಉಂಡು ಬರೂಣು ಬರ್ರಿ" ಎಂದರು. ಜೊತೆಗೆ ಹೊರಟೆ.

ಎರಡು ಬೀದಿ ಆಚೆ ಅವರ ಮನೆ. ಮನೆಯಲ್ಲಿ ಅವರು ಮತ್ತು ಅವರ ಅತ್ತೆ, ಇಬ್ಬರೇ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಅನ್ನ ಬಡಿಸಿದ ಮೇಲೆ ಅಕ್ಕ ಒಳಗೆ ಕೂಗಿದರು, "ಅತ್ತೀ, ಮೇಡಮ್ಮಾರಿಗೆ ಮಸರು ತರ್ರಿ."

ಒಳಗಿನಿಂದ ಅತ್ತೆ ತಗ್ಗಿದ ದನಿಯಲ್ಲಿ ಹೇಳಿದರು: "ಮಸರು ಹೆಚ್ಚೈತವ್ವಾ."

ನಾನು ಅನ್ನದಲ್ಲಿ ಗುಳಿ ಮಾಡಿಕೊಂಡು ಕಾದೆ. ಮೊಸರು ಬರಲಿಲ್ಲ. ಅಕ್ಕ ಬಟ್ಟಲು ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಪಕ್ಕದ ಮನೆಗೆ ಹೊರಟರು.

ಹೆಚ್ಚಿದ್ದರೆ ಪಕ್ಕದ ಮನೆಗೆ ಯಾಕೆ?

ಕೈ ಅನ್ನದಲ್ಲೇ ನಿಂತಿತು. ಕಂಪ್ಲಿಯ ನಮ್ಮಜ್ಜಿಯ ಅಡುಗೆಮನೆ ಕಣ್ಣ ಮುಂದೆ ಬಂತು. ಡಬ್ಬಿ ಬೋರಲು ಹಾಕಿ ತಟ್ಟಿ, "ಉಪ್ಪು ಹೆಚ್ಚೈತಿ, ಅಂಗಡಿಗೆ ಹೋಗಿ ಬಾ ಮಗಾ" ಎನ್ನುತ್ತಿದ್ದಳು. ಮನೆಯಲ್ಲಿ ಮುಗಿಯಿತು, ಇಲ್ಲ, ಖಾಲಿ ಎನ್ನಬಾರದು, ಹೆಚ್ಚಿತು ಎನ್ನಬೇಕು. ಒಡೆದ ಬಳೆಗೂ ಹೆಚ್ಚಿತು ಎಂದೇ ಅನ್ನುತ್ತಿದ್ದಳು. ಐದನೆಯ ತರಗತಿಗೆ ಹಾಸ್ಟೆಲ್ಲಿಗೆ ಹೋದ ನಾನು, ಎಷ್ಟೆಲ್ಲ ಕೈಪಿಡಿ ಓದಿ, ನನ್ನಜ್ಜಿಯ ಮಾತನ್ನೇ ಮರೆತು ಕೂತಿದ್ದೆ. ಥೂ ನನ್ನ ಬುದ್ಧಿಗಿಷ್ಟು!

ಅಕ್ಕ ಮೊಸರು ತರುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

"ಅಕ್ಕಾರ, ಪರದಿ ಮ್ಯಾಲೆ ಇಂಗ್ಲಿಷಿನ್ಯಾಗ ಏನಿತ್ರಿ? ಅಕ್ಷರ ಅಕ್ಷರ ಹೇಳ್ರಿ."

"ಔಟ್ ಆಫ್ ಮೆಮೊರಿ ಅಂತಿತ್ರಿ. ಔಷಧಿ ಅಂಗಡ್ಯಾಗ ಔಟ್ ಆಫ್ ಸ್ಟಾಕ್ ಅಂತ ಬರೀತಾರಲ್ರಿ, ಅದು ನಂಗೊತ್ತೈತಿ" ಎಂದರು. ನನ್ನ ಮುಖ ನೋಡಿ ಗಾಬರಿಯಾದರು. "ಯಾಕ್ರಿ, ತಪ್ಪು ಹೇಳಿದ್ನೇನ್ರಿ? ಮುಂಜಾನಿ ಮುಂಜಾನಿ, ನೀವು ಆಗ ಕೆಲಸಕ್ಕ ಬಂದಿರ್ತೀರಿ. ಬಂದಕೂಡ್ಲೇ ಮುಗದೈತಿ, ಇಲ್ಲ ಅಂತ ಹೆಂಗ ಅನ್ಲಿ?"

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ನೀವು ಸರಿಯಾಗೇ ಹೇಳೀರಿ ಅಕ್ಕಾರ. ನನಗ ಕನ್ನಡ ಬರೂದಿಲ್ಲ" ಎಂದೆ. ಮೊಸರನ್ನ ಗಬಗಬನೆ ಉಂಡೆ. ಪಕ್ಕದ ಮನೆಯಿಂದ ತಂದದ್ದು, ಬಿಡಲಾಗದು.

ಚಿಕಿತ್ಸಾಲಯಕ್ಕೆ ಬಂದು ಪೆಟ್ಟಿಗೆಗೆ ನನ್ನ ಕೀಬೋರ್ಡ್ ಜೋಡಿಸಿದೆ. ಬಿಡುವಿರುವ ಮೆಮೊರಿ ಎಷ್ಟೆಂದು ಪರದೆಯ ಮೂಲೆಯಲ್ಲಿ ಕಾಣುವ ಹಾಗೆ ಮಾಡಿ, ಪೆಟ್ಟಿಗೆಯನ್ನು ಹೊಸದಾಗಿ ಚಾಲೂ ಮಾಡಿದೆ. ನಲವತ್ತು ಎಂಬಿ. ಪ್ರತಿ ಚಿತ್ರ ಬರುವಾಗ ಡ್ರೈವರ್ ನಾಲ್ಕು ಎಂಬಿ ಜಾಗ ಕೇಳಿ ಪಡೆಯುತ್ತದೆ, ಅದರಲ್ಲಿ ಚಿತ್ರ ತುಂಬಿಸಿ, ಡಿಸ್ಕಿಗೆ ಬರೆದು, ಜಾಗವನ್ನು ಹಿಂದಿರುಗಿಸುತ್ತದೆ. ಮದುವೆಗೆ ಪಕ್ಕದ ಮನೆಯಿಂದ ಪಾತ್ರೆ ತಂದು ತೊಳೆದು ಕೊಟ್ಟ ಹಾಗೆ.

"ಒಂದು ಫಿಲ್ಮು ಹಾಕ್ರಿ ಅಕ್ಕಾರ."

ಹಾಕಿದರು. ಮೂವತ್ತಾರಕ್ಕೆ ಇಳಿಯಿತು, ಉಳಿಸಿದೊಡನೆ ಮತ್ತೆ ನಲವತ್ತು. ಇನ್ನೊಂದು. ಮೂವತ್ತಾರು, ನಲವತ್ತು. ಮೂರನೆಯದನ್ನು ಇಟ್ಟು ಅಕ್ಕ ನಾಲಿಗೆ ಲೊಚ್ಚೆಂದರು. "ಓರೆ ಆತು" ಎಂದು ರದ್ದು ಒತ್ತಿದರು.

ಮೂವತ್ತಾರು. ಅಲ್ಲೇ ನಿಂತಿತು.

ನೆಟ್ಟಗೆ ಇಟ್ಟು ಮತ್ತೆ ಹಾಕಿದರು. ಮೂವತ್ತೆರಡಾಗಿ, ಉಳಿಸಿದ ಮೇಲೆ ಮೂವತ್ತಾರಕ್ಕೆ ಬಂತು. ನಲವತ್ತಕ್ಕೆ ಬರಲಿಲ್ಲ.

"ಇನ್ನೊಮ್ಮೆ ರದ್ದು ಮಾಡ್ರಿ" ಎಂದೆ. ಮೂವತ್ತೆರಡು.

ರದ್ದು ಗುಂಡಿಯ ದಾರಿ ನಾನೇ ಬರೆದದ್ದು, ಅವಸರದ ಮೂರು ವಾರದಲ್ಲಿ. ಸ್ಕ್ಯಾನರನ್ನು ನಿಲ್ಲಿಸು, ಕಡತ ಮುಚ್ಚು, ಹೊರಗೆ ಬಾ. ಪಡೆದ ಜಾಗವನ್ನು ಹಿಂದಿರುಗಿಸು ಎಂಬ ಸಾಲು ಬಿಟ್ಟಿದ್ದೆ. ಕಾಟಾದಲ್ಲಿ ತೂಕವನ್ನು ಯಾರೂ ರದ್ದು ಮಾಡುವುದಿಲ್ಲ. ಸಂಡೂರಿನವರು ಓರೆಯೋ ಸೊಟ್ಟವೋ, ಬಂದದ್ದನ್ನು ಉಳಿಸಿ ಮುಂದೆ ಹೋಗುತ್ತಿದ್ದರು. ಆಫೀಸಿನಲ್ಲಿ ಇನ್ನೂರು ಸಲ ಪರೀಕ್ಷಿಸಿದ ನಾನೂ ಒಂದು ಸಲ ರದ್ದು ಒತ್ತಿರಲಿಲ್ಲ. ಈ ಅಕ್ಕ ಒಬ್ಬರೇ, ದಿನಕ್ಕೆ ಎರಡೋ ಮೂರೋ ಸಲ, ಯಾರದೋ ಎದೆ ನೆಟ್ಟಗೆ ಬರಲಿ ಎಂದು ಒತ್ತುತ್ತಿದ್ದರು. ನಾಲ್ಕು ದಿನಕ್ಕೆ ನಲವತ್ತೂ ಮುಗಿಯುತ್ತಿತ್ತು. ಜಾಗ ಸಿಗದಿದ್ದರೆ ಏನು ಮಾಡಬೇಕೆಂದೂ ನಾನು ಬರೆದಿರಲಿಲ್ಲ, ಆದ್ದರಿಂದ ಪೆಟ್ಟಿಗೆ ಸಾಯುತ್ತಿತ್ತು. ಚೆನ್ನಾಗಿ ಕೆಲಸ ಮಾಡಿದ್ದಕ್ಕೇ ಅವರಿಗೆ ಶಿಕ್ಷೆಯಾಗಿತ್ತು.

"ಏನಾತ್ರಿ ಮೇಡಂ?"

"ತಪ್ಪು ನಂದು ಅಕ್ಕಾರ. ಪೂರಾ ನಂದು. ನಿಮ್ಮದು ಎಳ್ಳಷ್ಟೂ ಇಲ್ಲ."

ಅವರು ಪರದೆಯ ಮೂಲೆಯ ಸಂಖ್ಯೆಯನ್ನು ನೋಡಿದರು. "ಹಂಗಾರ ನಾ ಏನೂ ಕೆಡಿಸಿಲ್ಲ?" ಎಂದು ಕೇಳಿದರು. ಇಲ್ಲ ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು, "ದೂಳು ಭಾಳ ಆಗೈತಿ ಈ ವರ್ಷ" ಎಂದು ಕಿಟಕಿ ಮುಚ್ಚಲು ಹೋದರು.

ಮರುದಿನ ಆಫೀಸಿನಲ್ಲಿ ರದ್ದು ಗುಂಡಿಯನ್ನೇ ಒತ್ತುತ್ತ ಕೂತೆ. ಹತ್ತು ರದ್ದಾಗಿ ಹನ್ನೊಂದನೆಯ ಚಿತ್ರಕ್ಕೆ ನಮ್ಮ ಪೆಟ್ಟಿಗೆಯೂ ಸತ್ತಿತು. ರದ್ದಿನ ದಾರಿಯಲ್ಲಿ ಜಾಗ ಹಿಂದಿರುಗಿಸುವ ಸಾಲು ಸೇರಿಸಿದೆ. ಜಾಗ ಸಿಗದಿದ್ದರೆ ಸಾಯಬೇಡ, ಆ ಚಿತ್ರವನ್ನು ಮಾತ್ರ ನಿಲ್ಲಿಸಿ ತಿಳಿಸು ಎಂದು ಇನ್ನು ಕೆಲವು ಸಾಲು. ಆಮೇಲೆ ಮುನ್ನೂರು ಸಲ ರದ್ದು ಮಾಡಿದೆ. ನಲವತ್ತು ನಲವತ್ತೇ ಉಳಿಯಿತು.

ತಿದ್ದುವುದು ಸುಲಭದ ಭಾಗ. ಮಾಲೀಕರು ನನ್ನ ಹೊಸ ಕಾಗದ ಓದಿ ಕನ್ನಡಕ ತೆಗೆದರು. "ಹೊಸ ವರ್ಷನ್ ಅಂತ ಬರದು ಕಳಿಸಿದ್ರ ಮುಗೀತಲ್ಲವ್ವಾ. ತಪ್ಪು ಅಂತ ಯಾಕ? ನಾಳೆ ಕಾಟಾದವ್ರೆಲ್ಲ ಬಾಗಿಲಿಗೆ ಬರ್ತಾರ."

"ಹೊಸ ವರ್ಷನ್ ಅಂದ್ರ ಹಳೇ ಮಾತು ಹಂಗೇ ಉಳೀತೈತ್ರಿ. ಆಕಿ ಕೆಲಸ ಹೋಗೂದು ನಾ ಬರದ ಮಾತಿಗೆ. ಕಾಟಾದವ್ರು ಬಂದ್ರ ನಾನ ಒಬ್ಬೊಬ್ರ ಕಡೆ ಹೋಗಿ ಬದಲಿಸಿ ಬರ್ತೀನಿ. ಸೀಲು ಹಾಕ್ತೀರೋ, ಇಲ್ಲಾ ನಾ ಸೀಲಿಲ್ದ ಕೊಟ್ಟು ಬರ್ಲೋ?"

ಅವರು ನನ್ನನ್ನು ನೋಡಿದರು. "ಮೆಣಸಿನಕಾಯಿ ನೀನು" ಎಂದು ಗೊಣಗಿ, ಸೀಲು ಹಾಕಿ, ಕೆಳಗೆ ತಮ್ಮ ಸಹಿಯನ್ನೂ ಮಾಡಿದರು. ಸಹಿ ನಾನು ಕೇಳಿರಲಿಲ್ಲ.

ಮ್ಯಾನೇಜರರು ಕಾಗದ ಓದಿ, ಮಡಿಚಿ ಜೇಬಿಗಿಟ್ಟರು. ಹತ್ತು ದಿನ ಪೆಟ್ಟಿಗೆ ತಾನಾಗಿ ಬಂದ್ ಆಗದೆ ನಡೆದರೆ ನೋಡೋಣ ಎಂದರು. ಒಂದನೇ ತಾರೀಖಿಗೆ ಹನ್ನೆರಡು ದಿನ ಇತ್ತು. ಹೊಸ ಡ್ರೈವರ್ ಹಾಕಿ ಬಂದೆ, ದಿನಾ ಬೆಳಿಗ್ಗೆ ಮೂಲೆಯ ಸಂಖ್ಯೆ ಹೇಳಲು ಅಕ್ಕನಿಗೆ ಹೇಳಿದೆ.

"ನಲವತ್ರಿ. ಹೆಚ್ಚಿಲ್ಲ" ಎನ್ನುತ್ತಿದ್ದರು ದಿನಾ. ನಾಲ್ಕನೆಯ ದಿನ ನಾನು ಆಫೀಸಿಗೆ ಒಂದು ಗಂಟೆ ಮೊದಲೇ ಬಂದು ಫೋನಿನ ಪಕ್ಕ ಕೂತೆ. "ನಲವತ್ರಿ. ನಿನ್ನೆ ಬೇಕಂತ ಏಳು ಸಲ ರದ್ದು ಮಾಡೀನಿ, ಆದ್ರೂ ಹೆಚ್ಚಿಲ್ಲ!" ಎಂದರು, ಆಡುವ ಹುಡುಗಿಯ ದನಿಯಲ್ಲಿ. ಮಾಲೀಕರು ಕೂಡ ಬಂದಕೂಡಲೇ ಕೇಳತೊಡಗಿದರು, "ಹೆಚ್ಚೈತೋ, ಇಲ್ಲೋ?"

ಹತ್ತನೆಯ ದಿನ ಫೋನು ಬರಲಿಲ್ಲ. ಒಂಬತ್ತೂವರೆ. ಹತ್ತು. ನಾನು ತಿದ್ದಿದ ಸಾಲುಗಳನ್ನು ಮತ್ತೆ ತೆಗೆದು ಓದಿದೆ. ಎಲ್ಲಿ ಇನ್ನೊಂದು ಬಿಟ್ಟಿದ್ದೇನೋ ಎಂದು ಬೆರಳಿಟ್ಟು ಹುಡುಕಿದೆ. ಹತ್ತೂವರೆಗೆ ತಡೆಯಲಾರದೆ ನಾನೇ ಮಾಡಿದೆ.

"ಅಯ್ಯ! ನಂಬರ್ ನೋಡೂದ ಮರ್ತೆ ನೋಡು" ಎಂದರು ಅಕ್ಕ. ಹಿಂದೆ ಜನರ ಗದ್ದಲ. "ಮುಂಜಾನಿಂದ ಹದಿನಾಕು ಮಂದಿ ನಿಂತಾರ. ತಡಿ... ನಲವತ್ತ ಐತಿ."

"ಮತ್ತ, ಮ್ಯಾನೇಜರ್ರು?"

"ಬಂದಿದ್ರು. ನಿನ್ನ ಕಾಗದ ಎಲ್ಲಾರ ಮುಂದ ಓದಿದ್ರು, ಕೊನೀ ತನಕ. ಹೊಸಬ್ರು ಬರೂದಿಲ್ಲಂತ. ಸಂಡೂರಿನವ್ರಿಗೆ ಫಿಲ್ಮು ನೆಟ್ಟಗ ಇಡೂದು ಹೆಂಗಂತ ನಾನ ಹೋಗಿ ಕಲಿಸಿ ಬರಬೇಕಂತ."

ನಾನು ರಿಸೀವರಿಗೆ ಕೈ ಅಡ್ಡ ಹಿಡಿದು, ಹೊಸಬರು ಬರುವುದಿಲ್ಲವಂತೆ ಎಂದು ಮಾಲೀಕರಿಗೆ ಹೇಳಿದೆ. ಮಾಲೀಕರು ಕಿಟಕಿಯ ಕಡೆ ತಿರುಗಿದರು.

"ಇದ್ದೀಯೇನವ್ವಾ?" ಎಂದರು ಅಕ್ಕ. ಇಷ್ಟು ವಾರದ ಮೇಡಂ ಎಲ್ಲಿ ಹೋದಳೋ. "ಇವತ್ತು ಮನ್ಯಾಗ ಮಸರು ಹೆಚ್ಚಿಲ್ಲ. ಉಣ್ಣಾಕ ಬಾ."

ನಾನು ಹನ್ನೊಂದರ ಬಸ್ಸು ಹಿಡಿದೆ.